ಎರಡು ಕೈಗಳ ನಡುವಿನ ಕೋನ: ಚಲನ ಸಮನ್ವಯ ಓದುವವರಿಗೆ ಒಂದು ಟಿಪ್ಪಣಿ

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಫಿಸಿಯೋಥೆರಪಿ ಓದುತ್ತ ನ್ಯೂರೋ ಪೋಸ್ಟಿಂಗ್‌ಗೆ ಹೊರಟ ಜೂನಿಯರ್‌ಗಳಿಗಾಗಿ ಬರೆದದ್ದು ಇದು. ಅನಾಟಮಿ, ನರಮಾರ್ಗಗಳು ನಿಮಗೆ ಗೊತ್ತೇ ಇವೆ, ಅವನ್ನು ಮತ್ತೆ ಅರೆಯುವುದಿಲ್ಲ. ವಯಸ್ಸಾದವರ, ಪಾರ್ಕಿನ್‌ಸನ್ ಇರುವವರ, ಕಿರುಮೆದುಳಿಗೆ ಪೆಟ್ಟಾದವರ ಚಲನ ಸಮನ್ವಯದ ಮೇಲೆ ಬಂದ ಸಂಶೋಧನಾ ಲೇಖನ ಯಾವುದನ್ನು ತೆರೆದರೂ ‘ರಿಲೇಟಿವ್ ಫೇಸ್’ ಎಂಬುದು ಬಾಗಿಲಲ್ಲೇ ಅಡ್ಡ ನಿಂತಿರುತ್ತದೆ. ಎರಡು ಅಂಗಗಳು ಲಯವಾಗಿ ಆಡುವಾಗ ಒಂದು ಇನ್ನೊಂದಕ್ಕಿಂತ ಎಷ್ಟು ಹಿಂದೆಮುಂದೆ ಇದೆ ಎಂದು ಹೇಳುವ ಕೋನ ಅದು. ಅದೊಂದು ಬಗೆಹರಿದರೆ ಮುಂದಿನದು ಸಲೀಸು. ಹಾಗಾಗಿ ಟಿಪ್ಪಣಿಯ ಹೆಚ್ಚಿನ ಭಾಗ ಅದಕ್ಕೇ ಹೋಗಿದೆ.

ಕೋನ ಯಾಕೆ ಬೇಕು

ಬಲಗೈಯನ್ನು ಒಮ್ಮೆ, ಎಡಗೈಯನ್ನು ಒಮ್ಮೆ ಪರೀಕ್ಷಿಸಿದರೆ ಎರಡೂ ಸರಿ ಇವೆ ಅನ್ನಿಸಬಹುದು. ಎರಡನ್ನೂ ಜೊತೆಗೆ ಆಡಿಸಲು ಹೇಳಿದಾಗ ಆಟ ಕೆಡುತ್ತದೆ. ಕೆಟ್ಟಿರುವುದು ಕೈ ಅಲ್ಲ, ಕೈಗಳ ನಡುವಿನ ಸಂಬಂಧ. ಆ ಸಂಬಂಧವನ್ನು ಒಂದು ಸಂಖ್ಯೆಯಲ್ಲಿ ಹಿಡಿಯುವುದಕ್ಕೆ ಕೋನ ಬೇಕು.

ಇದರ ಹಿಂದೆ ಸೋವಿಯತ್ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಇದ್ದಾರೆ. 1920ರ ದಶಕದಲ್ಲಿ ಅವರು ಸುತ್ತಿಗೆ ಹೊಡೆಯುವ ಕೆಲಸಗಾರರ ಚಲನೆಯನ್ನು ಚಿತ್ರೀಕರಿಸಿ ಅಳೆದರು. ನುರಿತವನ ಸುತ್ತಿಗೆ ಪ್ರತಿ ಸಲವೂ ಬೀಳಬೇಕಾದ ಕಡೆಗೇ ಬೀಳುತ್ತದೆ, ಆದರೆ ಭುಜ, ಮೊಣಕೈ, ಮಣಿಕಟ್ಟು ಒಂದೊಂದು ಸಲ ಒಂದೊಂದು ರೀತಿ ತಿರುಗಿರುತ್ತವೆ. ಕೀಲುಗಳು ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸಿಕೊಂಡು ಗುರಿ ಕಾಯುತ್ತವೆ. ಒಂದೇ ಕೆಲಸಕ್ಕೆ ಇಷ್ಟೊಂದು ದಾರಿಗಳಿರುವಾಗ ಮಿದುಳು ಅವನ್ನೆಲ್ಲ ಹೇಗೆ ಹಿಡಿತದಲ್ಲಿಡುತ್ತದೆ? ‘ಡಿಗ್ರೀಸ್ ಆಫ್ ಫ್ರೀಡಂ’ ಸಮಸ್ಯೆ ಎಂದು ವೈವಾದಲ್ಲಿ ಕೇಳುವುದು ಇದನ್ನೇ.

ಇನ್‌ಫೇಸ್, ಆಂಟಿಫೇಸ್: ದಿಕ್ಕಿನ ಗೊಂದಲ

ಎರಡೂ ಅಂಗೈಗಳನ್ನು ಕವುಚಿ ಮೇಜಿನ ಮೇಲಿಡಿ. ತೋರುಬೆರಳುಗಳನ್ನು ಅಡ್ಡಡ್ಡ ಆಡಿಸಿ. ಎರಡೂ ಬೆರಳು ಒಟ್ಟಿಗೆ ಒಳಕ್ಕೆ ಬಂದು ಒಟ್ಟಿಗೆ ಹೊರಕ್ಕೆ ಹೋದರೆ ಇನ್‌ಫೇಸ್, 0 ಡಿಗ್ರಿ. ಕಾರಿನ ವೈಪರ್‌ಗಳ ಹಾಗೆ ಎರಡೂ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ಹೋದರೆ ಆಂಟಿಫೇಸ್, 180 ಡಿಗ್ರಿ.

ಉಲ್ಟಾ ಅನ್ನಿಸುತ್ತದಲ್ಲ? ಒಂದೇ ದಿಕ್ಕಿಗೆ ಹೋಗುವುದನ್ನು ‘ಆಂಟಿ’ ಅನ್ನುತ್ತಾರೆ, ಎದುರುಬದುರು ಹೋಗುವುದನ್ನು ‘ಇನ್’ ಅನ್ನುತ್ತಾರೆ. ಇಲ್ಲಿ ಲೆಕ್ಕ ಗೋಡೆಯ ಎಡಬಲದ್ದಲ್ಲ, ಸ್ನಾಯುಗಳದ್ದು. ಎರಡೂ ಬೆರಳು ಒಳಕ್ಕೆ ಬರುವಾಗ ಎರಡೂ ಕೈಯಲ್ಲಿ ಅದೇ ಹೆಸರಿನ ಸ್ನಾಯು ಏಕಕಾಲಕ್ಕೆ ಕೆಲಸ ಮಾಡುತ್ತದೆ, ಹಾಗಾಗಿ ಅದು ಇನ್‌ಫೇಸ್. ಬೆರಳಿಂದ ಮೇಜು ಕುಟ್ಟುವ ಪರೀಕ್ಷೆಯಲ್ಲಿ ಈ ತಲೆಬಿಸಿ ಇಲ್ಲ: ಎರಡೂ ಬೆರಳು ಒಟ್ಟಿಗೆ ಕುಟ್ಟಿದರೆ 0, ಒಂದಾದ ಮೇಲೊಂದು ಕುಟ್ಟಿದರೆ 180.

ಸ್ನಾಯುವೇ ಕೊನೆಯ ಮಾತೂ ಅಲ್ಲ. 2001ರಲ್ಲಿ ಮೆಖ್ಸ್‌ನರ್ ಮತ್ತು ಜೊತೆಗಾರರು ಒಂದು ಅಂಗೈ ಮೇಲ್ಮುಖ, ಇನ್ನೊಂದು ಕೆಳಮುಖ ಮಾಡಿಸಿ ಇದೇ ಬೆರಳಾಟ ಆಡಿಸಿದರು. ಆಗ ಕಣ್ಣಿಗೆ ಕನ್ನಡಿಯಂತೆ ಕಾಣುವ ಚಲನೆಗೆ ಎರಡು ಕೈಯಲ್ಲಿ ಬೇರೆ ಬೇರೆ ಸ್ನಾಯು ಬೇಕು. ಆದರೂ ಸ್ಥಿರವಾಗಿ ಉಳಿದದ್ದು ಕನ್ನಡಿಯಂತೆ ಕಾಣುವ ಚಲನೆಯೇ. ಗ್ರಹಿಕೆಯ ಪಾಲೂ ಇದೆ ಅಂತ ಇದರಿಂದ ಗೊತ್ತಾಯಿತು. ಪರೀಕ್ಷೆಗೆ ‘ಹೋಮೋಲೋಗಸ್ ಸ್ನಾಯುಗಳು’ (ಎರಡೂ ಕಡೆಯ ಅದೇ ಹೆಸರಿನ ಸ್ನಾಯುಗಳು) ಅಂತಲೇ ಬರೆಯಿರಿ, ಆದರೆ ಕೆಳಗೆ ಒಂದು ಸಾಲಿನಲ್ಲಿ ಇದನ್ನೂ ಸೇರಿಸಿ.

ಕೋನ ತೆಗೆಯುವುದು ಹೇಗೆ

ಬಲಬೆರಳು 500 ಮಿಲಿಸೆಕೆಂಡಿಗೊಮ್ಮೆ ಕುಟ್ಟುತ್ತಿದೆ ಎನ್ನಿ. ಬಲಗೈಯ ಒಂದು ಕುಟ್ಟು ಆದ ಮೇಲೆ ಎಷ್ಟು ಹೊತ್ತಿಗೆ ಎಡಗೈ ಕುಟ್ಟಿತು ನೋಡಿ. ಅದನ್ನು 500ರಿಂದ ಭಾಗಿಸಿ, 360ರಿಂದ ಗುಣಿಸಿ. ಎಡಗೈ 240 ಮಿಲಿಸೆಕೆಂಡಿಗೆ ಕುಟ್ಟಿದರೆ 172.8 ಡಿಗ್ರಿ, ಹೆಚ್ಚುಕಡಿಮೆ ಆಂಟಿಫೇಸ್.

ಇನ್ನು ಇನ್‌ಫೇಸ್ ನೋಡಿ. ಎಡಗೈ 20 ಮಿಲಿಸೆಕೆಂಡ್ ತಡವಾದರೆ 14.4 ಡಿಗ್ರಿ. ಅದೇ 20 ಮಿಲಿಸೆಕೆಂಡ್ ಬೇಗ ಆದರೆ? ಹಿಂದಿನ ಬಲಗುಟ್ಟಿನಿಂದ ಎಣಿಸಿದಾಗ ಅದು 480ನೇ ಮಿಲಿಸೆಕೆಂಡ್, ಅಂದರೆ 345.6 ಡಿಗ್ರಿ. ತಪ್ಪು ಎರಡು ಕಡೆಗೂ ಅಷ್ಟೇ, ಆದರೆ ಒಂದು ಸಂಖ್ಯೆ 14, ಇನ್ನೊಂದು 346. ಎಲ್ಲ ಅನಾಹುತ ಇಲ್ಲಿಂದಲೇ ಶುರು.

ಸರಾಸರಿಯ ಗುಂಡಿ

ಒಬ್ಬರು ಇನ್‌ಫೇಸ್ ಕುಟ್ಟುತ್ತಿದ್ದಾರೆ. ಐದು ಕುಟ್ಟಿನ ಕೋನಗಳು: 340, 355, 5, 20, 30. ಎಕ್ಸೆಲ್‌ನಲ್ಲಿ ಮಾಮೂಲಿ ಸರಾಸರಿ ಒತ್ತಿದರೆ 150 ಬರುತ್ತದೆ. ಶಿಸ್ತಾಗಿ ಎರಡೂ ಕೈ ಒಟ್ಟಿಗೆ ಕುಟ್ಟಿದ ಮನುಷ್ಯ ಕಾಗದದ ಮೇಲೆ ಆಂಟಿಫೇಸ್ ಹತ್ತಿರ ಹೋಗಿ ಕೂತ. ಚೆದುರುವಿಕೆಯ ಅಳತೆಯಾದ ಸ್ಟ್ಯಾಂಡರ್ಡ್ ಡೀವಿಯೇಶನ್ ಬೇರೆ ಬೆಟ್ಟದಷ್ಟು ಬಂದು ‘ತೀವ್ರ ಅಸ್ಥಿರತೆ’ ಅಂತ ಬರೆಸಿಬಿಡುತ್ತದೆ. 340 ಅಂದರೆ ಮೈನಸ್ 20, 355 ಅಂದರೆ ಮೈನಸ್ 5. ಹಾಗೆ ಬರೆದುಕೊಂಡು ಕೂಡಿದರೆ ಮೊತ್ತ 30, ಸರಾಸರಿ 6. ನಿಜವಾದ ಉತ್ತರ ಅದು.

ಹಾಗಾದರೆ ಎಲ್ಲವನ್ನೂ ಮೈನಸ್ 180ರಿಂದ 180ರ ಒಳಗೆ ತಂದುಬಿಟ್ಟರೆ ಆಯಿತಲ್ಲ? ಇನ್‌ಫೇಸ್‌ಗೆ ಆಯಿತು. ಆಂಟಿಫೇಸ್‌ಗೆ ಅದೇ ಮುಳ್ಳು. 170 ಮತ್ತು 190 ಇದ್ದದ್ದು ಈಗ 170 ಮತ್ತು ಮೈನಸ್ 170 ಆಗಿ, ಸರಾಸರಿ 0 ಬರುತ್ತದೆ ಮಾರಾಯ್ರೆ! ಇನ್‌ಫೇಸ್‌ಗೆ ಒಂದು ಕಿಟಕಿ, ಆಂಟಿಫೇಸ್‌ಗೆ ಇನ್ನೊಂದು ಕಿಟಕಿ (ಕೋನಗಳನ್ನು ಬರೆಯುವ ವ್ಯಾಪ್ತಿ) ಇಟ್ಟುಕೊಳ್ಳುವವರಿದ್ದಾರೆ. ನಡುವೆ ಒಂದರಿಂದ ಇನ್ನೊಂದಕ್ಕೆ ಜಾರುವ ರೋಗಿ ಬಂದರೆ ಎರಡೂ ಕೈಕೊಡುತ್ತವೆ, ಮತ್ತು ನಮ್ಮ ವಿಷಯದಲ್ಲಿ ನೋಡಬೇಕಾದ ರೋಗಿ ಅವರೇ.

ಸರಿಯಾದ ದಾರಿ ವೆಕ್ಟರ್, ಅಂದರೆ ಪ್ರತಿ ಕೋನವನ್ನೂ ಆ ದಿಕ್ಕಿಗೆ ನೆಟ್ಟ ಒಂದು ಬಾಣ ಎಂದುಕೊಳ್ಳುವುದು. ಪ್ರತಿ ಕೋನದ ಕೊಸೈನ್ ಒಂದು ಕಾಲಂನಲ್ಲಿ, ಸೈನ್ ಇನ್ನೊಂದರಲ್ಲಿ ಬರೆಯಿರಿ. ಎರಡಕ್ಕೂ ಬೇರೆ ಬೇರೆ ಸರಾಸರಿ ತೆಗೆಯಿರಿ. ಮೇಲಿನ ಐದಕ್ಕೆ ಕೊಸೈನ್ ಸರಾಸರಿ 0.948, ಸೈನ್ ಸರಾಸರಿ 0.1. ಈ ಎರಡರಿಂದ ಮತ್ತೆ ಕೋನ ತೆಗೆದುಕೊಡುವ ಏಟ್ಯಾನ್2 ಫಂಕ್ಷನ್ ಹಾಕಿದರೆ 6 ಡಿಗ್ರಿ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 0.95 ಬರುತ್ತದೆ, ಇದಕ್ಕೆ ‘ಆರ್’ ಎನ್ನುತ್ತಾರೆ. ಆರ್ 1ರ ಹತ್ತಿರ ಇದ್ದರೆ ಕುಟ್ಟುಗಳು ಒಂದೇ ಕಡೆ ಗುಂಪಾಗಿವೆ, ಸೊನ್ನೆಯ ಹತ್ತಿರ ಇದ್ದರೆ ಸುತ್ತೆಲ್ಲ ಚೆಲ್ಲಾಡಿವೆ. ಆರ್ ತೀರ ಸಣ್ಣದಾದರೆ ಸರಾಸರಿ ಕೋನಕ್ಕೆ ಅರ್ಥವೇ ಇಲ್ಲ, ಅದನ್ನು ಕೋಷ್ಟಕದಲ್ಲಿ ಬರೆಯಲು ಹೋಗಬೇಡಿ.

ಇನ್ನೂ ಒಂದು ಉಪದ್ರ ಇದೆ. ಏಟ್ಯಾನ್2ಗೆ ಎಕ್ಸೆಲ್‌ನಲ್ಲಿ ಮೊದಲು ಕೊಸೈನ್, ಆಮೇಲೆ ಸೈನ್ ಕೊಡಬೇಕು. ಪೈಥಾನ್‌ನಲ್ಲಿ ಮೊದಲು ಸೈನ್, ಆಮೇಲೆ ಕೊಸೈನ್. ಗೆಳೆಯರ ಕೋಡ್ ನೋಡಿ ಎಕ್ಸೆಲ್‌ಗೆ ಇಳಿಸಿದರೆ 6 ಇದ್ದದ್ದು 84 ಆಗುತ್ತದೆ. ಪತ್ತೆ ಮಾಡಲು ನನ್ನ ನೆಚ್ಚಿನ ಉಪಾಯ: ಇಡೀ ಗುಂಪಿನ ಸರಾಸರಿ 90ರ ಆಸುಪಾಸು ಬಂದರೆ ಅನುಮಾನ ಪಡಿ. ಅಭ್ಯಾಸ ಇಲ್ಲದವರು 90 ಡಿಗ್ರಿಯಲ್ಲಿ ಸ್ಥಿರವಾಗಿ ನಿಲ್ಲುವುದು ಬಲು ಕಷ್ಟ, ಅದನ್ನು ಕೂತು ಕಲಿಯಬೇಕಾಗುತ್ತದೆ. ಯಾವ ತರಬೇತಿಯೂ ಇಲ್ಲದೆ ಎಲ್ಲರೂ 90ಕ್ಕೆ ಬಂದರು ಅಂದರೆ ತಪ್ಪು ಫಾರ್ಮುಲಾದ್ದು. ಏಟ್ಯಾನ್2ರ ಉತ್ತರ ರೇಡಿಯನ್‌ನಲ್ಲಿ ಬರುತ್ತದೆ, ಡಿಗ್ರಿಗೆ ತಿರುಗಿಸಲು ಮರೆಯಬೇಡಿ.

ವೇಗ ಹೆಚ್ಚಿಸಿದಾಗ

ಆಂಟಿಫೇಸ್ ಬೆರಳಾಟವನ್ನು ನಿಧಾನ ಶುರು ಮಾಡಿ, ತಾಳದ ಸದ್ದು ಕೊಡುವ ಮೆಟ್ರೋನೋಮ್‌ನ ವೇಗ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಬೆರಳುಗಳು ತಾವಾಗಿಯೇ ಇನ್‌ಫೇಸ್‌ಗೆ ಜಾರುತ್ತವೆ. ವೇಗ ಇಳಿಸಿದರೂ ತಾವಾಗಿ ಆಂಟಿಫೇಸ್‌ಗೆ ಮರಳುವುದಿಲ್ಲ. ಸ್ಕಾಟ್ ಕೆಲ್ಸೊ ತೋರಿಸಿದ ಇದಕ್ಕೆ 1985ರಲ್ಲಿ ಹಾಕೆನ್, ಕೆಲ್ಸೊ, ಬುಂಟ್ಸ್ ಸೇರಿ ಗಣಿತ ಕೊಟ್ಟರು. ಸಮೀಕರಣದಲ್ಲಿ ಎ, ಬಿ ಎಂಬ ಎರಡು ಸಂಖ್ಯೆ. ನಿಧಾನವಿದ್ದಾಗ ಗ್ರಾಫಿನಲ್ಲಿ 0 ಮತ್ತು 180 ಎರಡು ಕಡೆಯೂ ತಗ್ಗು ಇರುತ್ತದೆ; ತಗ್ಗು ಅಂದರೆ ಚಲನೆ ಸ್ಥಿರವಾಗಿ ನಿಲ್ಲುವ ಜಾಗ. ವೇಗ ಏರಿದಂತೆ ಬಿ ಭಾಗಿಸು ಎ ಕಡಿಮೆಯಾಗಿ, 0.25ಕ್ಕಿಂತ ಕೆಳಗಿಳಿದಾಗ 180ರ ತಗ್ಗು ಮಾಯವಾಗುತ್ತದೆ. ನಮಗೆ ಮುಖ್ಯವಾದದ್ದು ಜಾರುವ ಮುಂಚಿನ ಹಂತ. ಸರಾಸರಿ ಇನ್ನೂ 180ರಲ್ಲೇ ಇರುವಾಗ ಏರಿಳಿತ ಹೆಚ್ಚುತ್ತದೆ. ಆರ್ ನೋಡದೆ ಸರಾಸರಿ ಮಾತ್ರ ನೋಡಿದವರಿಗೆ ಅದು ಕಾಣುವುದೇ ಇಲ್ಲ.

ವಯಸ್ಸಾದಾಗ

ವಯಸ್ಸಾದವರಲ್ಲಿ ಇನ್‌ಫೇಸ್ ಹೆಚ್ಚುಕಡಿಮೆ ಉಳಿದುಕೊಳ್ಳುತ್ತದೆ, ಆಂಟಿಫೇಸ್ ವೇಗ ಏರಿದಾಗ ಕೈಬಿಡುತ್ತದೆ. ಆದ್ದರಿಂದ ಯಾವ ಸಂಶೋಧನೆ ಓದಿದರೂ ಮೊದಲು ವಿಧಾನದ ಭಾಗಕ್ಕೆ ಹೋಗಿ, ವೇಗ ಯಾರು ನಿಗದಿ ಮಾಡಿದರು ನೋಡಿ. ‘ನಿಮಗೆ ಅನುಕೂಲವಾದ ವೇಗದಲ್ಲಿ ಮಾಡಿ’ ಅಂದರೆ ಹಿರಿಯರು ಜಾಣತನದಿಂದ ನಿಧಾನ ಆರಿಸಿಕೊಳ್ಳುತ್ತಾರೆ, ವ್ಯತ್ಯಾಸ ಅಲ್ಲೇ ಅಡಗಿಬಿಡುತ್ತದೆ.

ಕಾರಣಗಳು ಹಲವು. ಬೆನ್ನುಹುರಿಯ ಚಲನ ನರಕೋಶಗಳು ಸಾಯುತ್ತವೆ, ಉಳಿದವು ಅನಾಥವಾದ ಸ್ನಾಯುತಂತುಗಳನ್ನು ದತ್ತು ತೆಗೆದುಕೊಳ್ಳುತ್ತವೆ, ಮೋಟಾರ್ ಯೂನಿಟ್ (ಒಂದು ನರಕೋಶ ಮತ್ತು ಅದರ ಸ್ನಾಯುತಂತುಗಳು) ದೊಡ್ಡದಾಗುತ್ತದೆ. ಸಣ್ಣ ಬಲವನ್ನು ನಯವಾಗಿ ಏರಿಸಿ ಇಳಿಸುವುದು ಆಗ ಕಷ್ಟ. ಎರಡು ಅರ್ಧಗೋಳಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್ ಸವೆಯುತ್ತದೆ. ಬೆರಳ ತುದಿಯ ಸ್ಪರ್ಶ ಮಂದವಾಗಿ, ಚರ್ಮ ಜಾರುವುದರಿಂದ ವಸ್ತುವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತಾರೆ. ಇಷ್ಟರ ನಡುವೆ ಒಂದು ಸಮಾಧಾನ ಇದೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಸ್ವಿನ್ನೆನ್ ತಂಡ ಕೈ ಮತ್ತು ಪಾದವನ್ನು ಜೊತೆಗೆ ಆಡಿಸಿ ಮಿದುಳಿನ ಚಿತ್ರ ತೆಗೆದಾಗ, ಹಿರಿಯರಲ್ಲಿ ಹೆಚ್ಚುವರಿ ಭಾಗಗಳು ಚುರುಕಾಗಿದ್ದವು. ಅವು ಹೆಚ್ಚು ಚುರುಕಾಗಿದ್ದವರೇ ಚೆನ್ನಾಗಿಯೂ ಮಾಡಿದರು ಎಂದು 2008ರಲ್ಲಿ ಪ್ರಕಟಿಸಿದರು. ಹೆಚ್ಚು ಬೆಳಗಿದ್ದನ್ನೆಲ್ಲ ಕೇಡು ಎಂದು ಓದಬೇಡಿ.

0, 180ರ ಲೆಕ್ಕಕ್ಕೆ ಸಿಗದ ಕೆಲಸಗಳೂ ಇವೆ. ಉಡುಪಿ ಹತ್ತಿರದ ಶಂಕರಪುರದ ಕಡೆ ಮಲ್ಲಿಗೆ ಕಟ್ಟುವ ಅಜ್ಜಿಯ ಕೈ ನೋಡಿ. ಒಂದು ಕೈಯ ಹೆಬ್ಬೆರಳು ತೋರುಬೆರಳ ನಡುವೆ ಮೊಗ್ಗಿನ ತೊಟ್ಟುಗಳು ಹಿಡಿದಲ್ಲೇ ಇರುತ್ತವೆ, ಇನ್ನೊಂದು ಕೈ ಬಾಳೆನಾರನ್ನು ಸುತ್ತಿ ಕುಣಿಕೆಯಲ್ಲಿ ತೂರಿಸಿ ಎಳೆಯುತ್ತದೆ. ಒಂದು ಕೈ ನೆಲೆ ಕೊಡುವುದು, ಇನ್ನೊಂದು ಅದರ ಮೇಲೆ ಕೆಲಸ ಮಾಡುವುದು: 1987ರಲ್ಲಿ ಈವ್ ಗಿಯಾರ್ ವಿವರಿಸಿದ ಅಸಮ ಶ್ರಮವಿಭಜನೆ ಇದೇ. ರೇಟು ಕೇಳಿದರೆ ಕೆಲವರ ಕೈ ನಿಂತು, ಉತ್ತರ ಹೇಳಿದ ಮೇಲೆ ಮತ್ತೆ ಸಾಗುತ್ತದೆ.

ಆ ನಿಲ್ಲುವಿಕೆಯ ಮೇಲೆ ನಡಿಗೆಯಲ್ಲಿ ಒಂದು ಪ್ರಸಿದ್ಧ ಅಧ್ಯಯನ ಇದೆ. ಸ್ವೀಡನ್‌ನಲ್ಲಿ ಲುಂಡಿನ್-ಓಲ್ಸನ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ್ದು. ಆಶ್ರಯಧಾಮದ 58 ಹಿರಿಯರ ಜೊತೆ ನಡೆಯುತ್ತ ಮಾತು ತೆಗೆದರು. 12 ಮಂದಿ ಮಾತಿಗೆ ನಿಂತರು. ಅವರಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದರು. ಇದನ್ನು ಅರ್ಧ ಓದಬೇಡಿ: ಒಟ್ಟು ಬಿದ್ದವರು 21, ಅವರಲ್ಲಿ 11 ಮಂದಿ ಮಾತಿಗೆ ನಿಂತಿರಲೇ ಇಲ್ಲ. ನಿಂತರೆ ಎಚ್ಚರಿಕೆ, ನಿಲ್ಲದಿದ್ದರೆ ಖಾತ್ರಿ ಏನೂ ಇಲ್ಲ.

ಕಾಯಿಲೆಗಳು, ಚುಟುಕಾಗಿ

ಪಾರ್ಕಿನ್‌ಸನ್‌ನಲ್ಲಿ ಚಲನೆ ನಿಧಾನ ಮಾತ್ರವಲ್ಲ, ಮಾಡುತ್ತ ಮಾಡುತ್ತ ಕಿರಿದಾಗುತ್ತದೆ. ಬೆರಳು ಕುಟ್ಟಿಸುವಾಗ ಮೊದಲಿನ ನಾಲ್ಕಾರು ನೋಡಿ ಬಿಟ್ಟರೆ ತಪ್ಪಿಹೋಗುತ್ತದೆ. ಎರಡು ಕೈಯಲ್ಲಿ ಹ್ಯಾಂಡಲ್ ತಿರುಗಿಸುವ 1998ರ ಒಂದು ಪ್ರಯೋಗದಲ್ಲಿ ರೋಗಿಗಳು ಇನ್‌ಫೇಸ್ ನಿಭಾಯಿಸಿದರು, ಆಂಟಿಫೇಸ್ ಕೊಟ್ಟರೆ ಇನ್‌ಫೇಸ್‌ಗೇ ಮರಳಿದರು. ನಡಿಗೆಯಲ್ಲಿ ನೆಲದ ಅಡ್ಡಗೆರೆ, ಮೆಟ್ರೋನೋಮ್ ಸದ್ದು ನೆರವಾಗುವುದು ನಿಮಗೆ ಗೊತ್ತಿರುವುದೇ.

ಕಿರುಮೆದುಳಿನ ತೊಂದರೆಯಲ್ಲಿ ಚಲನೆ ಸಣ್ಣದಾಗುವುದಿಲ್ಲ, ಅಳತೆ ತಪ್ಪುತ್ತದೆ, ಲಯ ಒಡೆಯುತ್ತದೆ. ಕೀಲುಗಳು ಒಟ್ಟಿಗೆ ಹೋಗುವ ಬದಲು ಒಂದಾದ ಮೇಲೊಂದು ಹೋಗುತ್ತವೆ. ಗೋರ್ಡನ್ ಹೋಮ್ಸ್ ಮೊದಲ ಮಹಾಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ಇದನ್ನು ವಿವರವಾಗಿ ದಾಖಲಿಸಿ 1917ರಲ್ಲಿ ಪ್ರಕಟಿಸಿದರು. ಪೆಟ್ಟಾದ ಕಡೆಯ ಕೈಕಾಲಲ್ಲೇ ಲಕ್ಷಣ, ಎದುರು ಕಡೆ ಅಲ್ಲ. ಪಾರ್ಶ್ವವಾಯುವಿನಲ್ಲಿ ಎದುರು ಕಡೆ ಲಕ್ಷಣ ನೋಡಿದ ಅಭ್ಯಾಸದಲ್ಲಿ ಅದಲುಬದಲು ಬರೆಯುವವರು ತುಂಬ.

ಕಾರ್ಪಸ್ ಕಲೋಸಮ್ ಕತ್ತರಿಸಲ್ಪಟ್ಟ ರೋಗಿಗಳದ್ದು ವಿಚಿತ್ರ ಕಥೆ. 1996ರಲ್ಲಿ ಫ್ರಾನ್ಸ್, ಐವ್ರಿ ಮೊದಲಾದವರು ಅವರಿಂದ ಎರಡು ಕೈಯಲ್ಲಿ ಬೇರೆ ಬೇರೆ ಆಕಾರ ಬಿಡಿಸಿದರು. ನಮಗೆ ಒಂದು ಕೈಯ ಆಕಾರ ಇನ್ನೊಂದನ್ನು ಕೆಡಿಸುತ್ತದೆ, ಅವರಿಗೆ ಕೆಡಿಸಲಿಲ್ಲ. ಆದರೆ ಎರಡು ಕೈಗಳ ಸಮಯ ಮಾತ್ರ ಜೋಡಿಯಾಗಿಯೇ ಇತ್ತು. ಆಕಾರದ ಜೋಡಣೆ ಒಂದು ದಾರಿ, ಸಮಯದ ಜೋಡಣೆ ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಚಂದದ ಪುರಾವೆ ನಾನು ಓದಿಲ್ಲ.

ಓಪಿಡಿಯಲ್ಲಿ

ಬೆರಳಿಂದ ಮೂಗು ಮುಟ್ಟಿಸುವಾಗ ನಿಮ್ಮ ಬೆರಳನ್ನು ರೋಗಿಯ ತೋಳು ಪೂರ್ತಿ ಚಾಚುವಷ್ಟು ದೂರ ಹಿಡಿಯಿರಿ. ಹತ್ತಿರ ಹಿಡಿದರೆ ನಡುಕ ಅಡಗುತ್ತದೆ. ಅಂಗೈ ತಿರುಗಿಸುವ ಪರೀಕ್ಷೆಯನ್ನು ಒಂದೊಂದು ಕೈಗೆ ಮಾಡಿಸಿ, ಆಮೇಲೆ ಎರಡಕ್ಕೂ ಒಟ್ಟಿಗೆ ಮಾಡಿಸಿ. ರಾಂಬರ್ಗ್ (ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವುದು) ಕಿರುಮೆದುಳಿನ ಪರೀಕ್ಷೆ ಅಲ್ಲ, ಕಣ್ಣು ತೆರೆದಾಗಲೇ ನಿಲ್ಲಲಾಗದವರಲ್ಲಿ ‘ಪಾಸಿಟಿವ್’ ಎಂದು ಬರೆಯುವ ಹಾಗಿಲ್ಲ.

ನಮ್ಮ ಕಡೆ ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಕೂತಿರುತ್ತವೆ. ಬಾಯಲ್ಲಿ ಹೇಳಿ ಮಾಡಿಸಿದರೆ ತಡವಾದದ್ದು ಕೈಯೋ, ಮಾತು ಅರ್ಥವಾದದ್ದೋ ತಿಳಿಯುವುದಿಲ್ಲ. ಅಜ್ಜ, ಅಮ್ಮ ಅಂತ ಕರೆದು, ಎದುರು ಕೂತು ಮೊದಲು ನೀವೇ ಮಾಡಿ ತೋರಿಸಿ, ಒಂದು ಸುತ್ತು ಸುಮ್ಮನೆ ಅಭ್ಯಾಸಕ್ಕೆ ಬಿಟ್ಟು, ಆಮೇಲೆ ಎಣಿಸಿ.