ಮಳೆಗಾಲದಲ್ಲಿ ಟೆರೇಸಿನ ಎಸಿ ಎಷ್ಟು ನೀರು ಬಿಡಬೇಕು?

ಹೋದ ವರ್ಷ ಶ್ರಾವಣದಲ್ಲಿ ಶಿವಮೊಗ್ಗದ ಒಂದು ಬಟ್ಟೆ ಅಂಗಡಿಯಿಂದ ಫೋನ್ ಬಂತು. ಮೂರು ಮಹಡಿಯ ಅಂಗಡಿ. ಟೆರೇಸಿನ ಮೇಲೆ 10 ಟನ್ನಿನ (ಟನ್ ಅಂದರೆ ತಂಪು ಮಾಡುವ ಸಾಮರ್ಥ್ಯದ ಅಳತೆ) ಎರಡು ಪ್ಯಾಕೇಜ್ ಯೂನಿಟ್, ಅಂದರೆ ಎಲ್ಲ ಭಾಗವೂ ಒಂದೇ ಪೆಟ್ಟಿಗೆಯಲ್ಲಿರುವ ಎಸಿ. ಅಲ್ಲಿಂದ ಡಕ್ಟಿನಲ್ಲಿ (ಗಾಳಿ ಸಾಗಿಸುವ ಕೊಳವೆಯಲ್ಲಿ) ಕೆಳಗೆ ಗಾಳಿ. "ಸೀರೆ ಮೇಲೆ ನೀರು ತೊಟ್ಟಿಕ್ತಾ ಇದೆ ಮಾರಾಯ್ರೆ. ಒಳಗೆ ಬಂದವರು ಚಳಿ ಅಂತಾರೆ, ಆದ್ರೆ ಮೈ ಅಂಟೋದು ಹೋಗಲ್ಲ. ಗ್ಯಾಸ್ ಕಮ್ಮಿ ಆಗಿರ್ಬೇಕು, ಬಂದು ತುಂಬಿಸಿಬಿಡಿ" ಅಂದರು ಮಾಲೀಕರು.

ಟೆರೇಸ್ ಹತ್ತುವ ಮೊದಲು ಅಂಗಡಿಯೊಳಗೆ ಒಂದು ಸುತ್ತು ಹಾಕಿದೆ. ಥರ್ಮೋಸ್ಟಾಟ್ 18ಕ್ಕೆ ಇಟ್ಟಿದ್ದರು. ಒಳಗೆ 21 ಡಿಗ್ರಿ ಇತ್ತು. ತೇವಾಂಶದ ಮೀಟರ್ ಶೇ. 78 ತೋರಿಸಿತು. ಗ್ರಿಲ್‌ಗಳ ಅಂಚಿನಲ್ಲಿ ನೀರಿನ ಹನಿ ಸಾಲಾಗಿ ಕೂತಿದ್ದವು. ತಂಪಿಗೆ ಏನೂ ಕೊರತೆ ಇರಲಿಲ್ಲ. ಗಾಳಿಯಲ್ಲಿದ್ದ ನೀರು ಹಾಗೇ ಉಳಿದಿತ್ತು.

ಮಲೆನಾಡಿನಲ್ಲಿ ಈ ಯೂನಿಟ್ಟುಗಳಿಗೆ ವರ್ಷದಲ್ಲಿ ನಾಲ್ಕೈದು ತಿಂಗಳು ನೀರು ಹಿಂಡುವುದೇ ಮುಖ್ಯ ಕೆಲಸ. ಹಾಗಿದ್ದರೂ ಹೆಚ್ಚಿನ ಕಡೆ ಯೂನಿಟ್ ಕೂರಿಸಿ ಅಡ್ಜಸ್ಟ್ ಮಾಡುವುದು ಬೇಸಿಗೆಯಲ್ಲಿ. ಆಗ ಎಲ್ಲರೂ ಕೇಳುವುದು ಜೋರು ಗಾಳಿ, ಜಾಸ್ತಿ ತಂಪು. ಅದೇ ಸೆಟ್ಟಿಂಗ್ ಆರಿದ್ರಾ ಮಳೆ ಬಂದರೂ ಬದಲಾಗುವುದಿಲ್ಲ. ನನಗೆ ಬರುವ ಮಳೆಗಾಲದ ದೂರುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟಿದ್ದು.

ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಇಲ್ಲಿಗೆ ಬೀಸುವುದು ಅದೇ ಘಟ್ಟ ದಾಟಿ ಬಂದ ಗಾಳಿ. ಹಪ್ಪಳ ಮೆತ್ತಗಾಗುವುದು, ಬೀರುವಿನೊಳಗಿನ ಬಟ್ಟೆಗೆ ಬೂಸ್ಟು ಹಿಡಿಯುವುದು ನಮಗೆಲ್ಲ ಗೊತ್ತಿದ್ದದ್ದೇ. ಮಳೆಗಾಲದ 23 ಡಿಗ್ರಿ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 20 ಗ್ರಾಂ ನೀರಿನ ಆವಿ ಇರುತ್ತದೆ. ಮನುಷ್ಯರಿಗೆ ಹಿತ ಅನ್ನಿಸುವ 24 ಡಿಗ್ರಿ, ಶೇ. 55 ತೇವಾಂಶದ ಗಾಳಿಯಲ್ಲಿ ಇರುವುದು ಸುಮಾರು 12 ಗ್ರಾಂ. ಹೊರಗಾಳಿಯ ಡ್ಯಾಂಪರ್ (ಗಾಳಿ ಬಿಡುವ ಬಾಗಿಲು) ತೆರೆದಿಟ್ಟು ನಿಮಿಷಕ್ಕೆ 1000 ಘನ ಅಡಿ ಗಾಳಿ ಒಳಗೆ ಬಿಟ್ಟರೆ ಅದರ ಜೊತೆ ಗಂಟೆಗೆ ಸುಮಾರು 13 ಲೀಟರ್ ಹೆಚ್ಚುವರಿ ನೀರು ಬರುತ್ತದೆ. ಅಷ್ಟನ್ನು ಹಿಂಡುವುದಕ್ಕೇ ಎರಡೂವರೆ ಟನ್ ಬೇಕು. ಇನ್ನು ಜನ. ಸುಮ್ನೆ ಕೂತ ಒಬ್ಬ ಮನುಷ್ಯನ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಗಾಳಿಗೆ ಸೇರುತ್ತದೆ. ಐನೂರು ಜನ ಕೂತ ಛತ್ರದಲ್ಲಿ ಅದು 25 ಲೀಟರ್ ಆಯ್ತು, ಅಲ್ವಾ?

ಅಂಗಡಿಗೆ ವಾಪಸ್ ಬರೋಣ. ಮಳೆ ಸ್ವಲ್ಪ ಬಿಟ್ಟಿತ್ತು. ಟೆರೇಸಿಗೆ ಹೋಗಿ ಮೊದಲು ಐಸೊಲೇಟರ್ (ಯೂನಿಟ್ಟಿಗೆ ಬರುವ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಕೀ ಜೇಬಿಗೆ ಹಾಕಿಕೊಂಡೆ. ಕೆಳಗಿರುವವರಿಗೆ "ಸ್ವಿಚ್ ಮುಟ್ಟಬೇಡಿ" ಅಂತ ಹೇಳಿದರೆ ಸಾಲದು. ಒದ್ದೆ ಟೆರೇಸಿನಲ್ಲಿ, ಮೂರು ಫೇಸಿನ ಯಂತ್ರಕ್ಕೆ ಕೈ ಹಾಕುವಾಗ ಕೀ ನಮ್ಮ ಹತ್ತಿರವೇ ಇರಬೇಕು. ಅದಾದ ಮೇಲೂ ಟೆಸ್ಟರ್ ಇಟ್ಟು ಕರೆಂಟಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಮುಂದಿನ ಕೆಲಸ.

ಪ್ಯಾನೆಲ್ ಬಿಚ್ಚಿದರೆ ಕಾಯಿಲ್ (ಗಾಳಿಯನ್ನು ತಣ್ಣಗೆ ಮಾಡುವ ಪೈಪುಗಳ ಜಾಲ) ಕೆಳಗಿನ ತಟ್ಟೆಯಲ್ಲಿ ಎರಡು ಬೆರಳು ನೀರು ನಿಂತಿತ್ತು. ನಾನು ನೋಡುತ್ತಿದ್ದ ಹಾಗೇ ಅದು ಪೈಪಿನಲ್ಲಿ ಗುಳುಗುಳು ಅಂತ ಇಳಿದುಹೋಯಿತು. ಪೈಪ್ ಕಟ್ಟಿಕೊಂಡಿಲ್ಲ ಅಂತಾಯಿತು. ಪ್ಯಾನೆಲ್ ಮುಚ್ಚಿ ಫ್ಯಾನ್ ಓಡಿಸಿದೆ. ನೀರು ಬರುವುದು ನಿಂತುಹೋಯಿತು. ಜೊತೆಗಿದ್ದ ಹುಡುಗನಿಗೆ ಒಂದು ಊದುಬತ್ತಿ ಹಚ್ಚಿ ಡ್ರೈನ್ ಪೈಪಿನ ಬಾಯಿಗೆ ಹಿಡಿಯಲು ಹೇಳಿದೆ. ಹೊಗೆ ಅಷ್ಟೂ ಪೈಪಿನೊಳಕ್ಕೆ ಸರ್ರನೆ ಎಳೆದುಕೊಂಡು ಹೋಯಿತು. "ಅಣ್ಣ, ಉಲ್ಟಾ ಎಳೀತಿದೆ!" ಅಂದ.

ಆ ಪೈಪಿಗೆ ಟ್ರ್ಯಾಪೇ (ನೀರು ನಿಂತು ಗಾಳಿ ತಡೆಯುವ ಬಾಗು) ಇರಲಿಲ್ಲ. ಇಂಥ ಯೂನಿಟ್ಟುಗಳಲ್ಲಿ ಫ್ಯಾನ್ ಕಾಯಿಲಿನ ಹಿಂದೆ ಇದ್ದು ಗಾಳಿಯನ್ನು ತನ್ನ ಕಡೆ ಎಳೆಯುತ್ತದೆ. ಹಾಗಾಗಿ ತಟ್ಟೆ ಇರುವ ಜಾಗದಲ್ಲಿ ಒತ್ತಡ ಹೊರಗಿಗಿಂತ ಕಮ್ಮಿ. ಟ್ರ್ಯಾಪ್ ಇಲ್ಲದಿದ್ದರೆ ಹೊರಗಿನ ಗಾಳಿ ಪೈಪಿನಲ್ಲಿ ಒಳಗೆ ನುಗ್ಗಿ ನೀರನ್ನು ತಡೆದು ನಿಲ್ಲಿಸುತ್ತದೆ. ತಟ್ಟೆ ತುಂಬುತ್ತದೆ, ಫ್ಯಾನ್ ಆ ನೀರನ್ನು ಎರಚಿ ಡಕ್ಟಿಗೆ ಹೊಡೆಯುತ್ತದೆ. ಕೊನೆಗೆ ಅದು ಸೀರೆಯ ಮೇಲೆ ಬೀಳುತ್ತದೆ.

ಟ್ರ್ಯಾಪ್ ಅಂದರೆ ಸಿಂಕಿನ ಕೆಳಗಿರುವಂಥ ಬಾಗಿದ ಪೈಪು. ಅದರ ಆಳಕ್ಕೆ ಅಳತೆ ಇದೆ. ಒಳಗಿನ ಎಳೆತ 50 ಮಿ.ಮೀ. ಎತ್ತರದ ನೀರನ್ನು ಎತ್ತಿ ಹಿಡಿಯುವಷ್ಟು ಅಂತ ಇಟ್ಟುಕೊಳ್ಳಿ. ತಟ್ಟೆಯ ಬಾಯಿಗಿಂತ ಟ್ರ್ಯಾಪಿನ ಹೊರಬಾಯಿ 75 ಮಿ.ಮೀ. ಕೆಳಗಿರಬೇಕು. ಅಲ್ಲಿಂದ ಟ್ರ್ಯಾಪಿನ ಹೊಟ್ಟೆ ಇನ್ನೂ 40 ಮಿ.ಮೀ. ಇಳಿಯಬೇಕು. ಬಹಳ ಕಡೆ ಯೂನಿಟ್ಟನ್ನು ನೆಲಕ್ಕೆ ಅಂಟಿಸಿದ ಹಾಗೆ ಕೂರಿಸಿರುತ್ತಾರೆ. ಟ್ರ್ಯಾಪ್ ಇಳಿಸಲು ಜಾಗವೇ ಇರುವುದಿಲ್ಲ. ಹೊಸದಾಗಿ ಕೂರಿಸುವವರು ಕೆಳಗಿನ ಸ್ಟ್ಯಾಂಡ್ ಎತ್ತರವಾಗಿ ಮಾಡಿಸಿ. ಆಗ ಉಳಿಸಿದ ದುಡ್ಡು ಆಮೇಲೆ ಸೀಲಿಂಗ್ ರಿಪೇರಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಟ್ರ್ಯಾಪಿನ ನೀರು ಒಣಗಿರುತ್ತದೆ, ಶುರು ಮಾಡುವ ಮೊದಲು ಒಂದು ಚೊಂಬು ನೀರು ಹಾಕಿ. ತಟ್ಟೆಯಲ್ಲಿ ಕಟ್ಟುವ ಲೋಳೆಯನ್ನು ತಿಂಗಳಿಗೊಮ್ಮೆ ತೆಗೆಯಬೇಕು. ನಮ್ಮ ಕಡೆ ಪಾಚಿ ಬೆಳೆಯುವುದಕ್ಕೆ ಹೊತ್ತು ಬೇಕಾಗಿಲ್ಲ.

ಎರಡನೇ ತಪ್ಪು ಫ್ಯಾನಿನ ವೇಗ. ಬೇಸಿಗೆಯಲ್ಲಿ ಯಾರೋ ಗಾಳಿ ಸಾಲದು ಅಂದದ್ದಕ್ಕೆ ಇನ್ಯಾರೋ ಮೋಟಾರಿನ ಪುಲ್ಲಿ ಬಿಗಿ ಮಾಡಿ ವೇಗ ಏರಿಸಿದ್ದರು. ಫಿಲ್ಟರಿನ ಮುಂದೆ ಗಾಳಿ ಅಳೆಯುವ ಮೀಟರ್ ಹಿಡಿದು ಒಂಬತ್ತು ಕಡೆ ರೀಡಿಂಗ್ ತೆಗೆದು ಲೆಕ್ಕ ಹಾಕಿದರೆ 4500 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಹತ್ತಿರ ಬಂತು. ಸಾಮಾನ್ಯವಾಗಿ ಟನ್ನಿಗೆ 400 ಅಂತ ಲೆಕ್ಕ. ಮಲೆನಾಡಿನ ಮಳೆಗಾಲಕ್ಕೆ 350 ಸಾಕು ಅನ್ನುವವನು ನಾನು. ಇಲ್ಲಿ 450 ಇತ್ತು. ಗಾಳಿ ಇಷ್ಟು ಜೋರಾದರೆ ಅದಕ್ಕೆ ಕಾಯಿಲಿನ ಮೇಲೆ ನಿಂತು ನೀರು ಬಿಡಲು ಪುರಸೊತ್ತಿರುವುದಿಲ್ಲ. ಜೊತೆಗೆ ಕಾಯಿಲಿನ ಮುಖದ ಮೇಲೆ ಸೆಕೆಂಡಿಗೆ ಎರಡೂವರೆ ಮೀಟರಿಗಿಂತ ಜಾಸ್ತಿ ವೇಗ ಇದ್ದರೆ, ಹಿಡಿದ ಹನಿಯನ್ನೂ ಗಾಳಿ ಕಿತ್ತುಕೊಂಡು ಹೋಗುತ್ತದೆ.

ಮೋಟಾರಿನ ಕಡೆಯ ಪುಲ್ಲಿ ಎರಡು ಭಾಗದ್ದು. ಗ್ರಬ್ ಸ್ಕ್ರೂ ಸಡಿಲಿಸಿ ಹೊರಗಿನ ಭಾಗವನ್ನು ಅರ್ಧ ಸುತ್ತು ಬಿಚ್ಚಿದರೆ ಬೆಲ್ಟ್ ಒಳಗಿಳಿದು ಫ್ಯಾನ್ ನಿಧಾನ ಆಗುತ್ತದೆ. ಒಂದೇ ಸಲ ಎರಡು ಸುತ್ತು ತಿರುಗಿಸಬೇಡಿ. ಅರ್ಧ ಸುತ್ತು, ಬೆಲ್ಟ್ ಟೈಟ್, ಗಾಳಿ ಅಳತೆ, ಮತ್ತೆ ಅರ್ಧ ಸುತ್ತು. ಹೀಗೆ ಮೂರು ಸಲ ಮಾಡಿ 3500ಕ್ಕೆ ತಂದೆ. ಬೆಲ್ಟು ಎರಡು ಪುಲ್ಲಿಗಳ ನಡುವೆ ಒಂದು ಮೀಟರಿಗೆ 16 ಮಿ.ಮೀ. ಬಗ್ಗಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ಹೋಗುತ್ತದೆ. ಸಡಿಲವಾದರೆ ಜಾರುತ್ತದೆ, ಕರಿ ಪುಡಿ ಉದುರುತ್ತದೆ. ಇನ್ನೊಂದು ಲಾಭವೂ ಇದೆ. ಫ್ಯಾನಿನ ವೇಗ ಶೇ. 10ರಷ್ಟು ಇಳಿದರೆ ಅದು ತಿನ್ನುವ ವಿದ್ಯುತ್ ಶಕ್ತಿ ಶೇ. 27ರಷ್ಟು ಇಳಿಯುತ್ತದೆ. ಏರಿಸಿದರೆ ಹಾಗೇ ಏರುತ್ತದೆ. ಆದ್ದರಿಂದ ವೇಗ ಏರಿಸಿದವರು ಮೋಟಾರಿಗೆ ಕ್ಲಾಂಪ್ ಮೀಟರ್ ಹಾಕಿ, ನೇಮ್ ಪ್ಲೇಟಿನಲ್ಲಿ ಬರೆದ ಆಂಪಿಯರ್ ದಾಟಿಲ್ಲ ಅಂತ ನೋಡಲೇಬೇಕು.

ತೀರಾ ನಿಧಾನ ಮಾಡಿದರೂ ಕಷ್ಟ. ಕಾಯಿಲ್ ಸೊನ್ನೆ ಡಿಗ್ರಿಗೆ ಇಳಿದು ಐಸ್ ಕಟ್ಟುತ್ತದೆ. ಕಂಪ್ರೆಸರಿಗೆ ವಾಪಸ್ ಬರುವ ಗ್ಯಾಸಿನ ಒತ್ತಡ ತೋರಿಸುವ ಸಕ್ಷನ್ ಗೇಜಿನಲ್ಲಿ ಗ್ಯಾಸ್ ಆರ್-22 ಆದರೆ 58 ಪಿಎಸ್‌ಐ (ಒತ್ತಡದ ಅಳತೆ), ಆರ್-410ಎ ಆದರೆ ಸುಮಾರು 101 ಪಿಎಸ್‌ಐ ಅಂದರೆ ಅದು ಸೊನ್ನೆಯ ಗೆರೆ. ಅದರಿಂದ ಸಾಕಷ್ಟು ಮೇಲಿರಬೇಕು.

ಮೂರನೆಯದಕ್ಕೆ ಸ್ಪ್ಯಾನರೇ ಬೇಡ. ಥರ್ಮೋಸ್ಟಾಟಿನಲ್ಲಿ ಫ್ಯಾನ್ ಸ್ವಿಚ್ "ಆನ್"ನಲ್ಲಿತ್ತು. ಹಾಗಿದ್ದರೆ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಓಡಿಸುವ ಯಂತ್ರ) ನಿಂತಾಗಲೂ ಫ್ಯಾನ್ ಓಡುತ್ತಲೇ ಇರುತ್ತದೆ. ಕಷ್ಟಪಟ್ಟು ಹಿಂಡಿದ ನೀರು ಕಾಯಿಲಿನ ಮೇಲಿಂದ ಮತ್ತೆ ಆವಿಯಾಗಿ ಅಂಗಡಿಗೇ ವಾಪಸ್ ಹೋಗುತ್ತದೆ. "ಆಟೋ"ಗೆ ತಿರುಗಿಸಿದೆ. 18 ಇದ್ದದ್ದನ್ನು 24 ಮಾಡಿದೆ. ಮಳೆ ದಿನ ಎರಡು ಯೂನಿಟ್ ಆಗಾಗ ನಿಂತು ಶುರುವಾಗುವುದರ ಬದಲು ಒಂದೇ ಯೂನಿಟ್ ಬಿಡದೆ ಓಡಲಿ ಅಂತ ಹೇಳಿದೆ. ಹೊರಗಾಳಿಯ ಡ್ಯಾಂಪರನ್ನು ಗ್ರಾಹಕರ ಸಂಖ್ಯೆಗೆ ಬೇಕಾದಷ್ಟಕ್ಕೆ ಇಳಿಸಿದೆ. ಪೂರ್ತಿ ಮುಚ್ಚಬಾರದು, ಉಸಿರಾಡಲು ಜನರಿಗೆ ಹೊಸ ಗಾಳಿ ಬೇಕೇ ಬೇಕು.

ಈಗ ಗ್ಯಾಸಿನ ಮಾತು. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋಪಿನ ನೀರು ಹಚ್ಚಿ ಆ ಜಾಗ ಹುಡುಕಿ, ಬೆಸುಗೆ ಹಾಕಿ, ನೈಟ್ರೋಜನ್ ತುಂಬಿ ಪರೀಕ್ಷೆ ಮಾಡಿ, ವ್ಯಾಕ್ಯೂಮ್ ಹಿಡಿಸಿದ ಮೇಲೆಯೇ ತುಂಬಬೇಕು. ಗೇಜ್ ಒಂದನ್ನೇ ನೋಡಿ ತುಂಬುವುದೂ ತಪ್ಪು. ಎಕ್ಸ್‌ಪ್ಯಾನ್ಷನ್ ವಾಲ್ವ್ (ಕಾಯಿಲಿಗೆ ಗ್ಯಾಸ್ ಅಳೆದು ಬಿಡುವ ವಾಲ್ವ್) ಇರುವ ಯೂನಿಟ್ಟಿನಲ್ಲಿ ಸಬ್‌ಕೂಲಿಂಗ್ (ದ್ರವವಾದ ಮೇಲೆ ಗ್ಯಾಸ್ ಇನ್ನೂ ಎಷ್ಟು ತಣ್ಣಗಾಗಿದೆ ಅನ್ನುವುದು) 5ರಿಂದ 8 ಡಿಗ್ರಿ, ಸೂಪರ್‌ಹೀಟ್ (ಪೂರ್ತಿ ಆವಿಯಾದ ಮೇಲೆ ಇನ್ನೂ ಎಷ್ಟು ಬಿಸಿಯಾಗಿದೆ ಅನ್ನುವುದು) ಸುಮಾರು ಅಷ್ಟೇ ಇದೆಯಾ ಅಂತ ನಾನು ಪೈಪಿಗೆ ಥರ್ಮಾಮೀಟರ್ ಕಟ್ಟಿ ನೋಡುತ್ತೇನೆ. ಕೊಳೆ ಹಿಡಿದ ಫಿಲ್ಟರ್ ಇದ್ದರೂ ಸಕ್ಷನ್ ಇಳಿಯುತ್ತದೆ. ಅದನ್ನು ಗ್ಯಾಸ್ ಕಮ್ಮಿ ಅಂದುಕೊಂಡು ತುಂಬಿದ ಎಷ್ಟೋ ಯೂನಿಟ್ಟುಗಳ ಕಂಪ್ರೆಸರ್ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ನನಗೆ ಬಹಳ ಬೇಸರ ತರುವ ಕೆಲಸ ಇದು.

ನಮ್ಮ ಊರಿನದ್ದೇ ಒಂದು ತೊಂದರೆ ಹೇಳಬೇಕು. ಮಲೆನಾಡಿನಲ್ಲಿ ಟೆರೇಸ್ ಸೋರುತ್ತದೆ ಅಂತ ಎಲ್ಲರೂ ಮೇಲೆ ಶೀಟ್ ಹಾಕಿಸುತ್ತಾರೆ. ಒಂದು ಲಾಡ್ಜಿನವರು ಎಸಿ ಯೂನಿಟ್ಟೂ ನೆನೆಯಬಾರದು ಅಂತ ಅದರ ಮೇಲೂ ಶೀಟ್ ಎಳೆಸಿದ್ದರು. ಏಪ್ರಿಲಿನಲ್ಲಿ ಮಧ್ಯಾಹ್ನ ಎರಡಕ್ಕೆ ದಿನಾ ಟ್ರಿಪ್. ಹೊರಗೆ 36 ಡಿಗ್ರಿ ಇದ್ದರೆ ಶೀಟಿನ ಕೆಳಗೆ 48. ಕಂಡೆನ್ಸರ್ (ಶಾಖವನ್ನು ಹೊರಗೆ ಬಿಡುವ ಕಾಯಿಲ್) ಫ್ಯಾನ್ ಮೇಲಕ್ಕೆ ಊದಿದ ಬಿಸಿ ಗಾಳಿ ಶೀಟಿಗೆ ಬಡಿದು ಕೆಳಗಿಳಿದು ಮತ್ತೆ ಅದೇ ಕಾಯಿಲಿಗೆ ನುಗ್ಗುತ್ತಿತ್ತು. ಈ ಯೂನಿಟ್ಟುಗಳನ್ನು ಮಾಡಿರುವುದೇ ಮಳೆಯಲ್ಲಿ ನಿಲ್ಲಲಿ ಅಂತ. ಕಂಡೆನ್ಸರಿನ ಮೇಲೆ ಬರೀ ಆಕಾಶ ಇರಬೇಕು. ನೆನೆಯಬಾರದ್ದು ಒಳಗಿನ ವೈರಿಂಗ್. ಅದಕ್ಕೆ ಪ್ಯಾನೆಲ್ ಬಾಗಿಲಿನ ರಬ್ಬರ್ ಸರಿ ಇದ್ದರೆ ಸಾಕು. ಆ ರಬ್ಬರ್ ಕಿತ್ತುಹೋದರೆ ಇರುವೆ, ಹಲ್ಲಿ ಒಳಗೆ ಸೇರಿ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ನಡುವೆ ಸತ್ತು ಬೀಳುತ್ತವೆ. ಒಂದು ಫೇಸ್ ತಪ್ಪುತ್ತದೆ, ಮೋಟಾರ್ ಸುಡುತ್ತದೆ. ಫೇಸ್ ಕಾಯುವ ರಿಲೇ ಇಲ್ಲದ ಯೂನಿಟ್ಟಿಗೆ ಅದನ್ನು ಮೊದಲು ಹಾಕಿಸಿ. ಲೈನ್ ಕೆಲಸ ಆದ ಮೇಲೆ ಫೇಸ್ ಅದಲು ಬದಲಾಗಿ ಸ್ಕ್ರಾಲ್ ಕಂಪ್ರೆಸರ್ ಉಲ್ಟಾ ತಿರುಗುವುದೂ ಉಂಟು. ಆಗ ಕರಕರ ಸದ್ದು ಬರುತ್ತದೆ, ಎರಡು ಗೇಜಿನ ಮುಳ್ಳೂ ಒಂದೇ ಕಡೆ ನಿಂತಿರುತ್ತವೆ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೇನ್ ಸ್ವಿಚ್ ಆಫ್ ಮಾಡಿ, ಹಬ್ಬದ ದಿನ ಬೆಳಿಗ್ಗೆ ಒಮ್ಮೆಲೇ ಆನ್ ಮಾಡುವವರಿದ್ದಾರೆ. ಕಂಪ್ರೆಸರಿನ ಬುಡದಲ್ಲಿ ಎಣ್ಣೆ ಬಿಸಿಯಾಗಿಡುವ ಒಂದು ಪುಟ್ಟ ಹೀಟರ್ ಇರುತ್ತದೆ. ಕರೆಂಟ್ ಇಲ್ಲದಿದ್ದರೆ ಗ್ಯಾಸ್ ತಣ್ಣಗಾಗಿ ಎಣ್ಣೆಯೊಳಗೆ ಸೇರುತ್ತದೆ. ಶುರುವಾದ ಕೂಡಲೇ ಎಣ್ಣೆ ನೊರೆಯಾಗಿ ಬೇರಿಂಗ್ ಒಣಗುತ್ತದೆ. ಓಡಿಸುವ ಹಿಂದಿನ ದಿನವೇ ಮೇನ್ ಹಾಕಿಡಿ, ಥರ್ಮೋಸ್ಟಾಟ್ ಮಾತ್ರ ಆಫ್ ಇರಲಿ.

ಕೆಲವು ಯೂನಿಟ್ಟುಗಳಲ್ಲಿ ರೂಮು ಬಿಸಿ ಮಾಡುವ ಹೀಟರೂ ಇರುತ್ತದೆ. ನಮ್ಮೂರಿನ ಚಳಿಗೆ ಅದು ಯಾಕೆ ಅಂತ ಕೇಳುತ್ತಾರೆ. ಮಲೆನಾಡಿನಲ್ಲಿ ಅದರ ಉಪಯೋಗ ಡಿಸೆಂಬರಿಗಿಂತ ಜುಲೈನಲ್ಲೇ ಜಾಸ್ತಿ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಂಥ ಕಡೆ ಗಾಳಿಯನ್ನು ತಣ್ಣಗೆ ಮಾಡಿ ನೀರು ಹಿಂಡಿ, ಆಮೇಲೆ ಸ್ವಲ್ಪ ಬಿಸಿ ಮಾಡಿ ಒಳಗೆ ಬಿಡುತ್ತಾರೆ. ಕರೆಂಟ್ ಜಾಸ್ತಿ ತಿನ್ನುವುದರಿಂದ ಅಂಗಡಿ, ಛತ್ರಗಳಲ್ಲಿ ನಾನು ಮೊದಲು ಫ್ಯಾನ್, ಡ್ಯಾಂಪರ್ ಸರಿ ಮಾಡುತ್ತೇನೆ. ಹೀಟರ್ ಕೊನೆಗೆ. ಅದರ ಸರ್ವಿಸ್ ಸುಲಭ. 9 ಕಿಲೋವ್ಯಾಟ್ ಹೀಟರ್ 415 ವೋಲ್ಟಿನಲ್ಲಿ ಪ್ರತಿ ಫೇಸಿನಲ್ಲಿ 12.5 ಆಂಪಿಯರ್ ಎಳೆಯಬೇಕು. ಹಾಗೆ ಸಮ ಬರದಿದ್ದರೆ ಎಲಿಮೆಂಟ್ ಹೋಗಿದೆ. ಗಾಳಿ ಇಲ್ಲದಿದ್ದರೆ ಹೀಟರ್ ಆರಿಸುವ ಸ್ವಿಚ್ ಕೆಲಸ ಮಾಡುತ್ತದಾ ಅಂತ ಪ್ರತಿ ಸಲ ಪರೀಕ್ಷಿಸಿ. ಅದನ್ನು ಬೈಪಾಸ್ ಮಾಡಿದ ವೈರ್ ಕಂಡರೆ ಕೂಡಲೇ ಕಿತ್ತುಹಾಕಿ, ಸ್ವಿಚ್ಚು ಬದಲಾಯಿಸಿ. ಇಲ್ಲದಿದ್ದರೆ ಬೆಂಕಿ ಬೀಳುತ್ತದೆ.

ಬಟ್ಟೆ ಅಂಗಡಿಯ ಕೆಲಸ ಮುಗಿದಾಗ ಸಂಜೆ ಐದು. ಹೊಸ ಟ್ರ್ಯಾಪಿನ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದೆವು. ಹತ್ತು ಟನ್ನಿನ ಯೂನಿಟ್ ಸುಮಾರು 35 ಕಿಲೋವ್ಯಾಟ್ ಶಾಖ ಎಳೆಯುತ್ತದೆ. ಅದರಲ್ಲಿ ಶೇ. 30 ನೀರು ಹಿಂಡಲು ಹೋದರೆ ಗಂಟೆಗೆ 15 ಲೀಟರ್ ಬರಬೇಕು. ಬಕೆಟ್ ನಲವತ್ತೆರಡು ನಿಮಿಷಕ್ಕೆ ತುಂಬಿತು. ಮಾಲೀಕರೂ ಛತ್ರಿ ಹಿಡಿದು ಮೇಲೆ ಬಂದು ನೋಡಿದರು. "ಇಷ್ಟು ನೀರು ನಮ್ಮ ಅಂಗಡಿಯೊಳಗಿತ್ತಾ?" ಅಂತ ಕೇಳಿದರು. ಮಾರ್ಕರ್ ತೆಗೆದು ಪ್ಯಾನೆಲ್ ಬಾಗಿಲಿನ ಒಳಬದಿಯಲ್ಲಿ ತಾರೀಕು, ಗಾಳಿ 3500, ಮೋಟಾರ್ ಆಂಪಿಯರ್, ಪುಲ್ಲಿ ಒಂದೂವರೆ ಸುತ್ತು ಬಿಚ್ಚಿದೆ, ಬಕೆಟ್ 42 ನಿಮಿಷ ಅಂತ ಬರೆದಿಟ್ಟೆ. ಮುಂದಿನ ಬೇಸಿಗೆಗೆ ಬರುವ ಮೆಕ್ಯಾನಿಕ್ ನಾನೇ ಆಗಿರಬೇಕಿಲ್ಲ.