ಟೆಸ್ಟ್ ಬೇಕಾಗಿದ್ದು ಮಗಳಿಗಲ್ಲ

ಫೋನಲ್ಲಿ ಹೆಲ್ತ್ ಪ್ಯಾಕೇಜ್ ತೋರಿಸಿ "ಸಿಎ 125 ಅಂತ ರಕ್ತದ ಟೆಸ್ಟ್ ಇದೆಯಂತೆ ಮೇಡಂ, ಓವರಿ ಕ್ಯಾನ್ಸರ್ ಮೊದ್ಲೇ ಗೊತ್ತಾಗುತ್ತಂತೆ, ಬರ್ಕೊಡಿ" ಅಂತ ಬರೋರು ತಿಂಗಳಿಗೆ ಒಬ್ರಾದ್ರೂ ಇರ್ತಾರೆ. ತೊಂದ್ರೆ ಏನಮ್ಮಾ ಅಂದ್ರೆ ಏನೂ ಇಲ್ಲ, ಸುಮ್ನೆ. ಹೀಗೇ ಬಂದ 34ರ ಹುಡುಗಿ ಪಕ್ಕ ಅವಳಮ್ಮ ಕೂತಿದ್ರು, 58 ವರ್ಷ. ಎದ್ದು ಹೊರಡೋವಾಗ "ನಂಗೊಂದು ಗ್ಯಾಸಿನ ಮಾತ್ರೆ ಬರ್ಕೊಡವ್ವ" ಅಂದ್ರು. ಯಾವಾಗಿಂದ? ಯುಗಾದಿ ಆದ್ಮೇಲಿಂದ. ಆಗ್ಲೇ ದಸರಾ ಹತ್ರ ಬಂದಿತ್ತು! ಅರ್ಧ ಮುದ್ದೆಗೇ ಹೊಟ್ಟೆ ತುಂಬುತ್ತೆ, ಲಂಗದ ಲಾಡಿ ಸಡಿಲ ಮಾಡ್ಕೋಬೇಕು, ರಾತ್ರಿ ಮೂರ್ಸಲ ಒಂದಕ್ಕೆ ಏಳ್ಬೇಕು, ಇಷ್ಟೆಲ್ಲಾ ಇಟ್ಕೊಂಡು ಮೆಡಿಕಲ್ಸಲ್ಲಿ ಕೊಟ್ಟ ಮಾತ್ರೆ ನುಂಗ್ತಾ ಕೂತಿದ್ರು.

ಟೆಸ್ಟ್ ಬೇಕಾಗಿದ್ದು ಇವರಿಗೆ. ತೊಂದ್ರೆ ಇಲ್ಲದೋರಿಗಲ್ಲ, ಇರೋರಿಗೆ ಟೆಸ್ಟ್ ಅಂತ ಎಷ್ಟು ಸಲ ಹೇಳಿದ್ರೂ ಜನಕ್ಕೆ ಹಿಡಿಸಲ್ಲ. ಬ್ರಿಟನ್ನಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನ ಸೇರಿಸ್ಕೊಂಡು ಅರ್ಧ ಜನಕ್ಕೆ ವರ್ಷಾ ವರ್ಷಾ ಸಿಎ 125 ಇಲ್ಲಾ ಸ್ಕ್ಯಾನಿಂಗ್ ಮಾಡಿ ನೋಡಿದ್ರು, 2021ರಲ್ಲಿ ಲೆಕ್ಕ ಬಂತು, ಸಾವು ಕಮ್ಮಿ ಆಗ್ಲಿಲ್ಲ. ಮುಟ್ಟಾದಾಗ, ಫೈಬ್ರಾಯ್ಡ್ ಅಂದ್ರೆ ಗರ್ಭಕೋಶದಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ ಇದ್ರೆ, ಹೊಟ್ಟೇಲಿ ಟಿಬಿ ಇದ್ರೂ ಸಿಎ 125 ಏರುತ್ತೆ, ಆಮೇಲೆ ಮನೆಮಂದಿಗೆಲ್ಲ ನಿದ್ದೆ ಇಲ್ಲ. ಇನ್ನೊಂದ್ಕಡೆ, ಶುರುವಿನ ಹಂತದ ಕ್ಯಾನ್ಸರಲ್ಲಿ ಹತ್ತಿರತ್ತಿರ ಅರ್ಧ ಜನಕ್ಕೆ ನಾರ್ಮಲ್ಲೇ ಬರುತ್ತೆ, ಹಾಗಾಗಿ ಪ್ಯಾಕೇಜಿನ ರಿಪೋರ್ಟ್ ಫೈಲಲ್ಲಿದೆ ಅಂತ ಹೊಟ್ಟೆ ಉಬ್ಬರ ಮರೆಯೋ ಹಾಗಿಲ್ಲ. ಪ್ಯಾಪ್ ಸ್ಮಿಯರ್ ಮಾಡ್ಸಿದೀನಲ್ಲ ಅಂತಾರೆ ಕೆಲವ್ರು, ಅದು ಗರ್ಭಕೋಶದ ಬಾಯಿದು ತಾಯಿ, ಅಂಡಾಶಯದ್ದಲ್ಲ.

ಉಬ್ಬರ ಬಂದೋರಿಗೆಲ್ಲ ಕ್ಯಾನ್ಸರ್ ಅಂತಲ್ಲ, ಬಹುಪಾಲು ಜನಕ್ಕೆ ಅಲ್ಲವೇ ಅಲ್ಲ. ನಾನು ನೋಡೋದು ಎರಡೇ, ಹೊಸದಾಗಿ ಶುರುವಾಯ್ತಾ, ಬಿಡದೆ ಕಾಡ್ತಿದೆಯಾ. ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಲ್ಲೇ ಗುರುತು ಹಾಕಿ ಅಂತೀನಿ, ಉಬ್ಬರನೋ, ಬೇಗ ಹೊಟ್ಟೆ ತುಂಬೋದೋ, ಕಿಬ್ಬೊಟ್ಟೆ ನೋವೋ, ಪದೇ ಪದೇ ಮೂತ್ರಕ್ಕೆ ಹೋಗೋದೋ, ತಿಂಗಳಲ್ಲಿ 12 ದಿನ ದಾಟಿದ್ರೆ ಬನ್ನಿ. 50 ದಾಟಿದೋರಿಗೆ ಹೊಸದಾಗಿ ಐಬಿಎಸ್, ಅಂದ್ರೆ ಕರುಳು ಕೆರಳೋ ತೊಂದ್ರೆ, ಬರೋದು ಅಪರೂಪ, ಆದ್ರೂ ನಾವು ಡಾಕ್ಟ್ರುಗಳು ಹಾಗೇ ಬರ್ದು ಕಳಿಸ್ತೀವಿ, ನಾನೂ ಕಳಿಸಿದೀನಿ.

ಆಯಮ್ಮನ ಹೊಟ್ಟೆ ಮುಟ್ಟಿದ್ರೆ ನೀರು ತುಂಬಿತ್ತು. ಸ್ಕ್ಯಾನಲ್ಲಿ ಎಡಗಡೆ ಅಂಡಾಶಯದಲ್ಲಿ ಗಡ್ಡೆ. ಈಗ ಕೀಮೋ ನಡೀತಿದೆ. ಮೊನ್ನೆ ಮಗಳು ಫೋನ್ ಮಾಡಿ "ಈಗ್ಲಾದ್ರೂ ನಂಗೆ ಸಿಎ 125 ಬರೀತೀರಾ" ಅಂದ್ಲು. ಅವಳ ವಿಷಯ ಈಗ ನಿಜಕ್ಕೂ ಬೇರೆ, ಆದ್ರೂ ಸಿಎ 125 ಅಲ್ಲ, ಮೊದ್ಲು ಅಮ್ಮಂಗೆ, ಕ್ಯಾನ್ಸರ್ ವಂಶದಲ್ಲಿ ಬರೋದಾ ಅಂತ ತಿಳಿಸೋ ಬಿಆರ್‌ಸಿಎ ಜೀನ್ ಟೆಸ್ಟ್ ಆಗ್ಲಿ, ಅದ್ರಲ್ಲಿ ಏನ್ ಬರುತ್ತೆ ನೋಡ್ಕೊಂಡು ನಿಂದು ಅಂದೆ.