ಕೊಚ್ಚಿ ಸುತ್ತಲಿನ ಸಿನಗಾಗ್‌ಗಳು, ಗೋರಿಗಳು: ಉಳಿಸುವುದು ಅಂದರೆ ಏನನ್ನು?

ಯಹೂದಿ ಪರಂಪರೆ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಪರದೇಶಿ ಸಿನಗಾಗ್ (ಸಿನಗಾಗ್ ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ). 1568ರಲ್ಲಿ ಕಟ್ಟಿದ್ದು, ನೆಲಕ್ಕೆ ಚೀನಾದ ನೀಲಿ-ಬಿಳಿ ಬಿಲ್ಲೆಗಳು, ಹೊರಗೆ ಗಡಿಯಾರದ ಗೋಪುರ. ಅಲ್ಲಿಗೆ ಪ್ರವಾಸಿಗರು ಬರುತ್ತಲೇ ಇರುತ್ತಾರೆ, ಹಾಗಾಗಿ ಅದನ್ನು ಇಲ್ಲಿಗೇ ಬಿಡೋಣ. ನಾವು ಕಲಿಯಬೇಕಾದ್ದು ಅದೇ ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನಿಂದ.

1950ರ ದಶಕದಲ್ಲಿ ಕೊಚ್ಚಿಯ ಹೆಚ್ಚಿನ ಯಹೂದಿಗಳು ಇಸ್ರೇಲಿಗೆ ಹೋದರು. ಪ್ರಾರ್ಥನೆಗೆ ಜನ ಇಲ್ಲದೆ ಕಡವುಂಭಾಗಂ ಖಾಲಿಯಾಯಿತು. ಅದರ ಒಳಗಿನ ಮರದ ಕೆತ್ತನೆಯನ್ನು ಬಿಚ್ಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಒಯ್ದು, ಅಲ್ಲಿ ಮತ್ತೆ ಜೋಡಿಸಿದರು. ಗೋಡೆಗಳು ಮಾತ್ರ ಇಲ್ಲೇ ಉಳಿದವು, 2019ರ ಮಳೆಗೆ ಕಟ್ಟಡದ ಮುಂಭಾಗ ಕುಸಿದು ಬಿತ್ತು. ಕೆತ್ತನೆ ಚೆನ್ನಾಗಿದೆ, ಅದಕ್ಕೆ ಮನೆಯಾಗಿದ್ದ ಗೋಡೆ ಬಿತ್ತು. ಇದನ್ನು ಉಳಿಸಿದ್ದು ಅನ್ನಬೇಕಾ? ನನಗಂತೂ ಅರ್ಧ ಮಾತ್ರ ಅನ್ನಿಸುತ್ತದೆ. ಇನ್ನೊಂದು ವಿಷಯ: ಟೋರಾ, ಅಂದರೆ ಯಹೂದಿಗಳ ಧರ್ಮಗ್ರಂಥದ ಸುರುಳಿ ಇಡುವ ಪವಿತ್ರ ಕಪಾಟು ಆ ಮ್ಯೂಸಿಯಂನಲ್ಲಿ ಇರುವುದು ಪರವೂರು ಸಿನಗಾಗ್‌ನದು. ಪರವೂರಿನ ಕಟ್ಟಡವನ್ನು ಕೇರಳ ಸರ್ಕಾರದ ಪರಂಪರೆ ಉಳಿಸುವ ಮುಝಿರಿಸ್ ಯೋಜನೆಯಲ್ಲಿ ದುರಸ್ತಿ ಮಾಡಿದಾಗ ಆ ಕಪಾಟಿನ ಪ್ರತಿರೂಪ ಮಾಡಿ ಇಟ್ಟರು.

ಕಟ್ಟಡವನ್ನಾದರೆ ಹೀಗೆ ಬಿಚ್ಚಬಹುದು, ಜೋಡಿಸಬಹುದು. ಗೋರಿಯನ್ನು ಆಗಲ್ಲ. ಯಹೂದಿ ಧರ್ಮದಲ್ಲಿ ಹೂತ ಜಾಗ ಸತ್ತವರದ್ದೇ, ಎಂದೆಂದಿಗೂ. ಸ್ಮಶಾನಕ್ಕೆ ಅವರು ‘ಬೇತ್ ಹಯೀಮ್’ ಅಂತಲೂ ಹೇಳುತ್ತಾರೆ, ಅಂದರೆ ಬದುಕಿರುವವರ ಮನೆ. ತ್ರಿಶೂರು ಜಿಲ್ಲೆಯ ಮಾಳದ ಯಹೂದಿಗಳು 1955ರಲ್ಲಿ ಸ್ಮಶಾನವನ್ನು ಕಾಪಾಡಿಕೊಳ್ಳಿ ಎಂದು ಒಪ್ಪಂದ ಮಾಡಿಕೊಂಡು ಪಂಚಾಯತಿಗೆ ಒಪ್ಪಿಸಿ ಹೋದರು. ಮುಂದೆ ಅದೇ ಜಾಗದಲ್ಲಿ ಕ್ರೀಡಾಂಗಣದ ಕೆಲಸ ಶುರುವಾದಾಗ, ಅದನ್ನು ವಿರೋಧಿಸಿ ನಿಂತವರಲ್ಲಿ ಊರಿನವರೇ ಇದ್ದರು, ಅಲ್ಲಿ ಹೂತವರ ಮಕ್ಕಳು ಮೊಮ್ಮಕ್ಕಳು ಇರುವುದು ಎಲ್ಲೋ ದೂರದಲ್ಲಿ ಅಲ್ವಾ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಇನ್ನು ಉಳಿಸುವ ಕೆಲಸದ ವಿಷಯ. ಕೊಚ್ಚಿ ಸುತ್ತ ಮುರಕಲ್ಲು ಜಾಸ್ತಿ, ಅದು ನೀರು ಹೀರುವ ಕಲ್ಲು. ಅದಕ್ಕೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಕಲ್ಲು ಪುಡಿಯಾಗುತ್ತದೆ. ಬರಹ ಇರುವ ಕಲ್ಲಿಗೆ ಆಸಿಡ್, ಬ್ಲೀಚ್, ತಂತಿ ಬ್ರಷ್ ತಾಗಿಸಲೇಬಾರದು, ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಅಕ್ಷರ ಮಸುಕಾಗಿದ್ದರೆ ಬೆಳಗ್ಗೆಯೋ ಸಂಜೆಯೋ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ, ಸವೆದ ಗೆರೆಗೂ ನೆರಳು ಬೀಳುತ್ತದೆ. ಚೇಂದಮಂಗಲಂ ಸಿನಗಾಗ್ ಮುಂದೆ ಸಾರಾ ಬತ್ ಇಸ್ರಾಯೇಲ್ ಎಂಬ ಹೆಣ್ಣುಮಗಳ 1269ರ ಗೋರಿಕಲ್ಲು ಇದೆ (‘ಬತ್’ ಅಂದರೆ ಮಗಳು). 700 ವರ್ಷ ದಾಟಿದ ಅಂಥ ಕಲ್ಲನ್ನು ಒಂದು ಮಧ್ಯಾಹ್ನ ಉಜ್ಜಿ ಹಾಳು ಮಾಡಬಹುದು.

ಗೋರಿಕಲ್ಲಿನ ಮೇಲಿನ ಯಹೂದಿ ವರ್ಷ ಓದುವುದು ಕಷ್ಟವಲ್ಲ. ಹೀಬ್ರೂನಲ್ಲಿ ಅಕ್ಷರಗಳೇ ಅಂಕಿ. ಎಷ್ಟೋ ಕಡೆ 5 ಸಾವಿರವನ್ನು ಬರೆದಿರುವುದಿಲ್ಲ, ನಾವೇ ಸೇರಿಸಬೇಕು. ಬಂದ ಸಂಖ್ಯೆಯಲ್ಲಿ 3760 ಕಳೆದರೆ ಇಸವಿ ಸಿಗುತ್ತದೆ. ಅವರ ಹೊಸ ವರ್ಷ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವುದರಿಂದ, ಅಲ್ಲಿಂದ ಡಿಸೆಂಬರ್‌ವರೆಗಿನ ದಿನಾಂಕಕ್ಕೆ 3761. ಕಲ್ಲಿನ ಮೇಲೆ 715 ಅಂತ ಇದ್ದರೆ ಅದು 5715, ಅಂದರೆ 1954-55. ಮಾಳದವರು ತಮ್ಮ ಸ್ಮಶಾನವನ್ನು ಒಪ್ಪಿಸಿ ಹೋದ ವರ್ಷ.